ಛಾಯಾಗ್ರಾಹಕ ಯೂಜೀನ್ ಅಟ್ಜೆ

ಪ್ಯಾರಿಸ್ ನಗರದ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಐಫೆಲ್ ಗೋಪುರ. 1889ರಲ್ಲಿ ಆ ಗೋಪುರವು ತಲೆಯೆತ್ತಿದಾಗ ಅದನ್ನು ನೋಡಲು ದೇಶದೇಶಗಳಿಂದ ಜನ ಬಂದರು. ಹೆಚ್ಚು ಕಡಿಮೆ ಅದೇ ಕಾಲದಲ್ಲಿ, ಮೂವತ್ತು ದಾಟಿದ ಒಬ್ಬ ಮನುಷ್ಯನು ಹೊಟ್ಟೆಪಾಡಿಗಾಗಿ ಕ್ಯಾಮೆರಾ ಹಿಡಿಯುವುದನ್ನು ಕಲಿಯುತ್ತಿದ್ದನು. ಮುಂದೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಆತನು ಆ ನಗರದ ಚಿತ್ರಗಳನ್ನು ತೆಗೆದನು. ಆದರೆ ಆತನ ಮನಸ್ಸು ಹರಿದದ್ದು ಗೋಪುರದ ಕಡೆಗಲ್ಲ. ಇಕ್ಕಟ್ಟಾದ ಓಣಿಗಳ ಕಡೆಗೆ, ಸವೆದ ಮೆಟ್ಟಿಲುಗಳ ಕಡೆಗೆ, ಊರ ಹೊರಗಿನ ಗುಡಿಸಲುಗಳ ಕಡೆಗೆ. ಆತನೇ ಯೂಜೀನ್ ಅಟ್ಜೆ.

ಈ ಹೆಸರು ನನಗೆ ಪರಿಚಯವಾದ ಬಗೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂದೆಯವರದು ಗುಜರಿ ವ್ಯಾಪಾರ. ತಳ್ಳುಗಾಡಿಯೊಡನೆ ಬೀದಿ ಬೀದಿ ಸುತ್ತಿ ಹಳೆಯ ಕಾಗದ, ಕಬ್ಬಿಣ, ಖಾಲಿ ಸೀಸೆಗಳನ್ನು ಕೊಂಡು ತರುತ್ತಾರೆ. ಕಳೆದ ವರ್ಷ ಅವರು ತಂದ ರದ್ದಿಯ ಕಟ್ಟಿನಲ್ಲಿ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಸಚಿತ್ರ ಪುಸ್ತಕವಿತ್ತು. ಅದರಲ್ಲೊಂದು ಚಿತ್ರ: ತನ್ನ ಮೈಗಿಂತ ಎಷ್ಟೋ ದೊಡ್ಡದಾದ ಮೂಟೆಗಳನ್ನು ಹೇರಿದ ಗಾಡಿಯನ್ನು ಒಬ್ಬನು ಎಳೆಯುತ್ತಿದ್ದಾನೆ. 1900ರ ಸುಮಾರಿನ ಪ್ಯಾರಿಸ್ಸಿನ ಚಿಂದಿ ಆಯುವವನು ಅವನು ಎಂದು ಕೆಳಗೆ ಅಚ್ಚಾಗಿತ್ತು. ಗುಜರಿಯವನ ಚಿತ್ರವೂ ಪುಸ್ತಕಕ್ಕೆ ಏರುವುದುಂಟೆ ಎಂದು ನನಗೆ ಆಶ್ಚರ್ಯವಾಯಿತು. ಆ ಚಿತ್ರವನ್ನು ತೆಗೆದವನು ಯಾರೆಂದು ಹುಡುಕಿ ಓದತೊಡಗಿದೆ. ಓದಿದ್ದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅಟ್ಜೆ ಹುಟ್ಟಿದ್ದು 1857ರ ಫೆಬ್ರವರಿ 12ರಂದು, ಫ್ರಾನ್ಸಿನ ನೈರುತ್ಯ ಭಾಗದ ಲಿಬೋರ್ನ್ ಎಂಬ ಊರಿನಲ್ಲಿ. ತಂದೆ ಕುದುರೆಗಾಡಿಗಳನ್ನು ಮಾಡುವ ಕೆಲಸದವನು. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಹುಡುಗನನ್ನು ತಾಯಿಯ ತಂದೆತಾಯಿಗಳು ಸಾಕಿದರು. ಬೆಳೆದ ಮೇಲೆ ಆತನು ಹಡಗಿನಲ್ಲಿ ಕೆಲಸಕ್ಕೆ ಸೇರಿ ಕೆಲಕಾಲ ಸಮುದ್ರದ ಮೇಲೆ ಕಳೆದನು. ಆದರೆ ಆತನ ಆಸೆಯಿದ್ದುದು ನಾಟಕದ ಮೇಲೆ. ಪ್ಯಾರಿಸ್ಸಿಗೆ ಬಂದು 1879ರಲ್ಲಿ, ಎರಡನೆಯ ಪ್ರಯತ್ನದಲ್ಲಿ, ಅಲ್ಲಿಯ ನಾಟಕ ವಿದ್ಯಾಲಯಕ್ಕೆ ಪ್ರವೇಶ ಪಡೆದನು. ಜೊತೆಜೊತೆಗೇ ಕಡ್ಡಾಯದ ಸೈನಿಕ ಸೇವೆಯನ್ನೂ ಮಾಡಬೇಕಾಗಿದ್ದುದರಿಂದ ಪಾಠಕ್ಕೆ ಸರಿಯಾಗಿ ಹೋಗಲಾಗಲಿಲ್ಲ. 1881ರಲ್ಲಿ ವಿದ್ಯಾಲಯದಿಂದ ಆತನನ್ನು ಹೊರಹಾಕಿದರು. ಅನಂತರ ಊರೂರು ತಿರುಗುವ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಿದ್ದನು. 1886ರಲ್ಲಿ ವ್ಯಾಲೆಂಟೀನ್ ಎಂಬ ನಟಿಯ ಪರಿಚಯವಾಗಿ ಆಕೆಯೇ ಬಾಳಸಂಗಾತಿಯಾದಳು. ಮರುವರ್ಷ ಗಂಟಲಿನ ಬೇನೆ ಬಂದು ನಟನ ಧ್ವನಿ ಕೆಟ್ಟಿತು; ರಂಗಭೂಮಿಯ ಬಾಗಿಲು ಮುಚ್ಚಿತು. ಚಿತ್ರಕಲೆಯಲ್ಲಿ ಕೈಯಾಡಿಸಿದನು, ಅದೂ ಫಲಿಸಲಿಲ್ಲ.

ಹೀಗೆ ಎಲ್ಲ ಕಡೆಯೂ ಸೋತು ಬಂದವನು ಛಾಯಾಗ್ರಹಣವನ್ನು ಕಸಬಾಗಿ ಹಿಡಿದನು. ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ದೊರೆಯುತ್ತವೆ ಎಂಬ ಅರ್ಥದ ಫಲಕವನ್ನು ಬಾಗಿಲಿಗೆ ತಗುಲಿಹಾಕಿದನು. ಮರ, ಹೂವು, ಬಾಗಿಲ ಹಿಡಿ, ಕಟಕಟೆ ಇವುಗಳ ಚಿತ್ರಗಳನ್ನು ಚಿತ್ರಕಾರರಿಗೂ ಕುಶಲಕರ್ಮಿಗಳಿಗೂ ಕಡಿಮೆ ಬೆಲೆಗೆ ಮಾರುವುದು ಆತನ ವೃತ್ತಿ. ತನ್ನನ್ನು ಕಲಾವಿದನೆಂದು ಆತನು ಕರೆದುಕೊಳ್ಳಲಿಲ್ಲ.

ಆಗಿನ ಪ್ಯಾರಿಸ್ಸಿನ ಸ್ಥಿತಿಯನ್ನು ಇಲ್ಲಿ ತಿಳಿಯಬೇಕು. 1853ರಿಂದ ಹೌಸ್‌ಮನ್ ಎಂಬ ಅಧಿಕಾರಿಯು ಹಳೆಯ ಕೇರಿಗಳನ್ನು ಕೆಡವಿ ನೇರವಾದ ಅಗಲ ರಸ್ತೆಗಳನ್ನು ಮಾಡಿಸಿದನು. ಆತನು ಅಧಿಕಾರದಿಂದ ಇಳಿದ ಮೇಲೂ ಕೆಡವುವ ಕೆಲಸ ನಿಲ್ಲಲಿಲ್ಲ. ಉಳಿದ ಹಳೆಯ ಬೀದಿಗಳೂ ಒಂದೊಂದಾಗಿ ಹೋಗುತ್ತಿದ್ದವು. 1897ರ ಸುಮಾರಿನಲ್ಲಿ ಅಟ್ಜೆ ಈ ಹಳೆಯ ಪ್ಯಾರಿಸ್ಸನ್ನು ಚಿತ್ರಿಸಲು ತೊಡಗಿದನು. ಮರದ ಕ್ಯಾಮೆರಾ, ಮುಕ್ಕಾಲುಮಣೆ, 18 ಸೆಂಟಿಮೀಟರ್ ಅಗಲ 24 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು ಇವೆಲ್ಲವನ್ನೂ ಹೊತ್ತುಕೊಂಡು, ಜನಸಂಚಾರ ಮೊದಲಾಗುವ ಮುನ್ನ, ಬೆಳಗಿನ ಜಾವದಲ್ಲಿಯೇ ಮನೆ ಬಿಡುತ್ತಿದ್ದನು. ಫಲಕಕ್ಕೆ ಬೆಳಕು ತಾಗಲು ಬಹಳ ಹೊತ್ತು ಬೇಕಾಗಿದ್ದುದರಿಂದ ನಡುವೆ ನಡೆದುಹೋದವರು ಕೆಲವು ಚಿತ್ರಗಳಲ್ಲಿ ಹೊಗೆಯಂತೆ ಮಾತ್ರ ಕಾಣುತ್ತಾರೆ. ಕಟ್ಟಡಗಳು ಮಾತ್ರ ಕಲ್ಲು ಕಲ್ಲೂ ಎಣಿಸುವಷ್ಟು ಸ್ಪಷ್ಟ.

ಬೀದಿಯ ಜನರನ್ನೂ ಆತನು ಬಿಡಲಿಲ್ಲ. ತಳ್ಳುಗಾಡಿಯ ವ್ಯಾಪಾರಿಗಳು, ಬೀದಿ ಗಾಯಕರು, ಚಿಂದಿ ಆಯುವವರು ಇವರೆಲ್ಲ ಆತನ ಫಲಕಗಳಲ್ಲಿ ನಿಂತರು. ಪ್ಯಾರಿಸ್ಸಿನ ಕೋಟೆಗೋಡೆಯ ಹೊರಗೆ ಒಂದು ಪಟ್ಟಿಯಷ್ಟು ಜಾಗದಲ್ಲಿ, ಸೈನ್ಯದ ಕಾರಣದಿಂದ, ಮನೆ ಕಟ್ಟುವುದಕ್ಕೆ ನಿಷೇಧವಿತ್ತು. ಇರಲು ಬೇರೆ ಎಡೆಯಿಲ್ಲದ ಬಡವರು ಅಲ್ಲಿಯೇ ಹಲಗೆ ತಗಡುಗಳ ಗುಡಿಸಲು ಹಾಕಿಕೊಂಡಿದ್ದರು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಅದು ಸೇರುವಂತಹುದಲ್ಲ. 1910ರ ನಂತರದ ಕೆಲವು ವರ್ಷಗಳಲ್ಲಿ ಅಟ್ಜೆ ಅಲ್ಲಿಗೆ ಮತ್ತೆ ಮತ್ತೆ ಹೋದನು. ಚಿಂದಿಯ ರಾಶಿಗಳ ನಡುವೆ ಸಂಸಾರವಂದಿಗರು ತಮ್ಮ ಮನೆಬಾಗಿಲಲ್ಲಿ ನಿಂತಿರುವುದನ್ನು ಅರಮನೆಯ ಮೆಟ್ಟಿಲಿಗೆ ಕೊಟ್ಟಷ್ಟೇ ಗಮನ ಕೊಟ್ಟು ಚಿತ್ರಿಸಿದನು. ಆ ಚಿತ್ರಗಳನ್ನು ಕಟ್ಟು ಹಾಕಿಸಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಮಾರಿದನು.

ಮಹಾಯುದ್ಧ ಬಂದಿತು. ವ್ಯಾಲೆಂಟೀನಳ ಮಗ ಲಿಯೋನ್ 1914ರಲ್ಲಿ ರಣರಂಗದಲ್ಲಿ ಮಡಿದನು. ಅಟ್ಜೆಯ ಕೆಲಸ ಬಹುಮಟ್ಟಿಗೆ ನಿಂತುಹೋಯಿತು; ಫಲಕಗಳನ್ನು ನೆಲಮಾಳಿಗೆಯಲ್ಲಿ ಇಟ್ಟು ಕಾಪಾಡಿದನು. ಯುದ್ಧವು ಮುಗಿದ ಮೇಲೆ ಆತನಿಗೆ ತನ್ನ ವಯಸ್ಸಿನ ಅರಿವಾಯಿತು. 1920ರಲ್ಲಿ ಸರ್ಕಾರದ ಕಲಾ ಇಲಾಖೆಯ ನಿರ್ದೇಶಕನಿಗೆ ಒಂದು ಪತ್ರ ಬರೆದು, ಇಪ್ಪತ್ತು ವರ್ಷಕ್ಕೂ ಮೀರಿ ತಾನಾಗಿಯೇ ಮಾಡಿದ ಈ ಸಂಗ್ರಹವು ತನ್ನ ನಂತರ ಬೆಲೆ ತಿಳಿಯದವರ ಕೈಗೆ ಸಿಕ್ಕಿ ಹಾಳಾಗಬಹುದೆಂಬ ಭಯವನ್ನು ತಿಳಿಸಿದನು. ಸರ್ಕಾರವು 2,621 ಫಲಕಗಳನ್ನು 10,000 ಫ್ರಾಂಕಿಗೆ ಕೊಂಡಿತು.

ಹಣ ಬಂದ ಮೇಲೆ ಬೇರೆಯವರಾದರೆ ವಿಶ್ರಾಂತಿ ಪಡೆಯುತ್ತಿದ್ದರು. ಈತನು ಮತ್ತೆ ಕ್ಯಾಮೆರಾ ಹೊತ್ತನು. 1925ರ ವಸಂತದಲ್ಲಿ, 68ರ ವಯಸ್ಸಿನಲ್ಲಿ, ಸೋ ಎಂಬಲ್ಲಿಯ ಪಾಳುಬಿದ್ದ ಉದ್ಯಾನಕ್ಕೆ ಬೆಳಗಿನ ಹೊತ್ತು ಹೋಗಿ ಹುಲ್ಲು ಬೆಳೆದ ಹಾದಿಗಳನ್ನೂ ಪಾಚಿ ಹಿಡಿದ ಶಿಲಾಮೂರ್ತಿಗಳನ್ನೂ ಚಿತ್ರಿಸಿದನು. ಈ ಕೆಲಸವನ್ನು ಆತನಿಂದ ಯಾರೂ ಕೇಳಿರಲಿಲ್ಲ. ಸ್ಫೂರ್ತಿ ಬರಲಿ, ಆಮೇಲೆ ಕೆಲಸ ಮಾಡೋಣವೆಂದು ನಾವು ಹೇಳಿಕೊಳ್ಳುವುದುಂಟು. ಪ್ರಬಂಧಗಳನ್ನು ಬರೆಯದೆ ಕಳೆದ ದಿನಗಳಲ್ಲಿ ನಾನೂ ಹಾಗೆಯೇ ಹೇಳಿಕೊಂಡಿದ್ದೇನೆ. ಅಟ್ಜೆಯ ಬಾಳಿನಲ್ಲಿ ನನಗೆ ಕಾಣುವ ಕ್ರಮ ಬೇರೆ: ಮೊದಲು ಹೊರಡುವುದು, ಆಮೇಲೆ ನೋಡುವುದು. ಸಾನ್ ಕ್ಲೂ ಉದ್ಯಾನಕ್ಕೆ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಆತನು ಹಲವು ಸಲ ಹೋದನು. ಹೋದಾಗಲೆಲ್ಲ ಹೊಸ ಚಿತ್ರ ದೊರೆಯಿತು.

ಆತನ ಬೀದಿಯಲ್ಲಿಯೇ ವಾಸವಾಗಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಈ ಮುದುಕನ ಚಿತ್ರಗಳನ್ನು ಮೆಚ್ಚಿದನು. 1912ರ ಸೂರ್ಯಗ್ರಹಣವನ್ನು ನೋಡುತ್ತ ನಿಂತ ಜನಗಳ ಚಿತ್ರವು 1926ರಲ್ಲಿ ಹೊಸ ಪಂಥದ ಒಂದು ಪತ್ರಿಕೆಯ ಮುಖಪುಟವಾಯಿತು. ತನ್ನ ಹೆಸರನ್ನು ಹಾಕಬೇಡಿ, ಇವು ಬರಿಯ ದಾಖಲೆಗಳು ಎಂದು ಅಟ್ಜೆ ತಿಳಿಸಿದನಂತೆ. ಅದೇ ವರ್ಷ ವ್ಯಾಲೆಂಟೀನ್ ತೀರಿಕೊಂಡಳು. ಮರುವರ್ಷ ಮ್ಯಾನ್ ರೇಯ ಸಹಾಯಕಿಯಾಗಿದ್ದ ಬೆರೆನಿಸ್ ಆ್ಯಬಟ್ ಎಂಬ ತರುಣಿಯು ಅಟ್ಜೆಯ ಭಾವಚಿತ್ರ ತೆಗೆದಳು. ಅದನ್ನು ತೋರಿಸಲೆಂದು ಮನೆಗೆ ಹೋದಾಗ ಆತನು ಬದುಕಿರಲಿಲ್ಲ. 1927ರ ಆಗಸ್ಟ್ 4ರಂದು ಆತನ ಜೀವನ ಮುಗಿದಿತ್ತು.

ಆತನು ಭಯಪಟ್ಟಂತೆ ಆಗಲಿಲ್ಲ. ಉಳಿದಿದ್ದ ಫಲಕಗಳನ್ನೂ ಸಾವಿರಾರು ಚಿತ್ರಗಳನ್ನೂ ಆ್ಯಬಟ್ 1928ರಲ್ಲಿ ಕೊಂಡು ನ್ಯೂಯಾರ್ಕಿಗೆ ಒಯ್ದಳು. ನಲವತ್ತು ವರ್ಷ ಅವನ್ನು ಕಾಪಾಡಿದಳು. 1968ರಲ್ಲಿ ಅಲ್ಲಿಯ ಆಧುನಿಕ ಕಲಾ ಸಂಗ್ರಹಾಲಯವು ಅವನ್ನು ಪಡೆಯಿತು. ಕೋಟೆಗೋಡೆ ಇಂದು ಇಲ್ಲ. ಗುಡಿಸಲುಗಳಿದ್ದ ಜಾಗದಲ್ಲಿ ನಗರವನ್ನು ಸುತ್ತುವ ಹೆದ್ದಾರಿ ಓಡುತ್ತದೆ. ಬಾಗಿಲಲ್ಲಿ ನಿಂತ ಆ ಸಂಸಾರಗಳು ಮಾತ್ರ ಚಿತ್ರದಲ್ಲಿ ಇನ್ನೂ ನಿಂತಿವೆ.

ಇನ್ನು ನನ್ನ ಮಾತು. ಕಾಲೇಜಿಗೆ ಸೇರಿದ ವರ್ಷ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ವ್ಯಾಪಾರ ಎಂದಷ್ಟೇ ಬರೆದಿದ್ದೆ. ಒಂದು ದಿನ ಕಾಲೇಜಿನ ರಸ್ತೆಯಲ್ಲಿ ತಂದೆಯವರ ಗಾಡಿ ಎದುರಾದಾಗ ಸ್ನೇಹಿತರ ಜೊತೆಯಲ್ಲಿದ್ದ ನಾನು ಮುಖ ತಿರುಗಿಸಿದೆ. ಅವರು ನನ್ನನ್ನು ನೋಡಿದ್ದರು. ಆದರೂ ಕೂಗಲಿಲ್ಲ, ಮನೆಯಲ್ಲಿ ಆ ಮಾತನ್ನು ಎತ್ತಲೂ ಇಲ್ಲ. ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮಟ್ಟಕ್ಕೆ ಬಂದವರು ನಾನೇ. ನನ್ನ ಪುಸ್ತಕಗಳಲ್ಲಿ ಅರ್ಧದಷ್ಟು ಆ ಗಾಡಿಯ ಮೇಲೆಯೇ ಬಂದವು.

ಹೋದ ತಿಂಗಳು ಒಂದು ಬೆಳಗ್ಗೆ, ಅವರು ಹೊರಡುವ ಮುನ್ನ, ಗಾಡಿಯ ಪಕ್ಕದಲ್ಲಿ ನಿಲ್ಲಬೇಕೆಂದು ಕೇಳಿಕೊಂಡು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದೆ. ಒಳ್ಳೆಯ ಅಂಗಿ ಹಾಕಿಕೊಂಡು ಬರಲೇ ಎಂದು ಅವರು ಕೇಳಿದರು. ಬೇಡವೆಂದೆ. ಅಂತಿಮ ಪರೀಕ್ಷೆಯ ಸಮಯದಲ್ಲಿ ತುಂಬಿದ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಉದ್ಯೋಗ ಗುಜರಿ ವ್ಯಾಪಾರ ಎಂದು ಪೂರ್ತಿಯಾಗಿ ಬರೆದಿದ್ದೇನೆ.