ಕಣ್ಣಂಚಿನ ಬಿಳಿಗೆರೆ

ನೇತ್ರತಜ್ಞ ಥಿಯೋಡೋರ್ ಆಕ್ಸೆನ್‌ಫೆಲ್ಡ್ ಅವರು 1867ರಲ್ಲಿ ಸ್ಮಿರ್ನಾ ನಗರದಲ್ಲಿ ಜನಿಸಿದರು. 1901ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1920ರಲ್ಲಿ ರೋಗಿಯೊಬ್ಬನ ಕಾರ್ನಿಯದ ಒಳಬದಿಯ ಅಂಚಿನಲ್ಲಿ ಬಿಳಿಗೆರೆಯನ್ನೂ ಅದಕ್ಕೆ ಅಂಟಿದ ಐರಿಸ್‌ನ ಎಳೆಗಳನ್ನೂ ಗುರುತಿಸಿದರು. 1930ರಲ್ಲಿ ಅವರು ನಿಧನರಾದರು.

1935ರಲ್ಲಿ ಆಸ್ಟ್ರಿಯದ ರೀಗರ್ ಅವರು ಇದಕ್ಕೆ ಹತ್ತಿರದ ದೋಷವನ್ನು ವಿವರಿಸಿದರು. ವಂಶಪಾರಂಪರ್ಯವಾಗಿ ಬರುವ ಈ ಅಪರೂಪದ ರೋಗಕ್ಕೆ ಮುಂದೆ ಇಬ್ಬರ ಹೆಸರೂ ಸೇರಿತು. ಇದುಳ್ಳ ಅನೇಕರಿಗೆ ಕೆಲವು ಹಲ್ಲುಗಳು ಹುಟ್ಟುವುದೇ ಇಲ್ಲ. ಹುಟ್ಟಿದವು ಸಣ್ಣ ಗೂಟಗಳಂತಿರುತ್ತವೆ. ಮೇಲ್ದವಡೆ ಬೆಳೆಯದೆ ಮುಖದ ನಡುಭಾಗ ಚಪ್ಪಟೆಯಾಗುತ್ತದೆ. ಸುಮಾರು ಅರ್ಧದಷ್ಟು ಮಂದಿಗೆ ಕಣ್ಣಿನೊಳಗಿನ ಒತ್ತಡ ಏರಿ, ದೃಷ್ಟಿಯನ್ನು ಕಸಿಯುವ ಗ್ಲಾಕೋಮ ಬರುತ್ತದೆ.

ಹೊಳಲ್ಕೆರೆಯ ಮಗುವಾಗಲಿ, ಫ್ರೈಬುರ್ಗಿನ ಮಗುವಾಗಲಿ, ಅಂತಹ ಹಲ್ಲುಗಳನ್ನು ಕಂಡು ನಗುವವರು ಹಲವರು. ಕಣ್ಣನ್ನೂ ಪರೀಕ್ಷಿಸುವ ವೈದ್ಯರು ಅದರ ಬೆಳಕನ್ನು ಉಳಿಸಬಲ್ಲರು. ಆಕ್ಸೆನ್‌ಫೆಲ್ಡ್ ಅವರು ಕಂಡ ಸಣ್ಣ ಗೆರೆಯ ಹಿರಿಮೆ ಇದೇ.