ನಡುರಾತ್ರಿಯ ಪಥಿಕ ಎರಿಕ್ ಸಾತಿ

ಹೋಟೆಲಿನ ಬಾಗಿಲು ಮುಚ್ಚಿ, ಮೇಜುಗಳನ್ನೊರೆಸಿ, ನಿರ್ಜನ ಬೀದಿಯಲ್ಲಿ ಬಿಡಾರಕ್ಕೆ ಮರಳುವ ಅನುಭವವು ನಮ್ಮ ವಾಚಕರಲ್ಲಿ ಅನೇಕರಿಗೆ ಉಂಟು. ಫ್ರೆಂಚ್ ಸಂಗೀತಕಾರ ಎರಿಕ್ ಸಾತಿಯ ಜೀವನದ ಬಹುಭಾಗವೂ ಅಂತಹ ಬೀದಿಯಲ್ಲಿಯೇ ಸಾಗಿತು.

ಓನ್‌ಫ್ಲರ್ ಎಂಬ ಬಂದರು ಪಟ್ಟಣದಲ್ಲಿ 1866ನೆಯ ಇಸವಿ ಮೇ 17ರಂದು ಜನಿಸಿದ ಸಾತಿಯು ಆರನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. 1879ರಲ್ಲಿ ಪ್ಯಾರಿಸಿನ ಸಂಗೀತ ವಿದ್ಯಾಲಯವನ್ನು ಸೇರಿದನಾದರೂ ಗುರುಗಳು ಅವನನ್ನು ಸೋಮಾರಿಯೆಂದೇ ಎಣಿಸಿದರು. ಆದರೆ 1888ರಲ್ಲಿ ಅವನು ‘ಜಿಮ್ನೊಪೆದಿ’ ಎಂಬ ಮೂರು ಪುಟ್ಟ ಪಿಯಾನೋ ಕೃತಿಗಳನ್ನು ರಚಿಸಿದನು. ಅವುಗಳಲ್ಲಿ ಆರ್ಭಟವಿಲ್ಲ, ಅವಸರವಿಲ್ಲ. ಎಡಗೈಯ ಸ್ವರಗಳು ತೊಟ್ಟಿಲಿನಂತೆ ತೂಗುತ್ತಿರಲು ಅವುಗಳ ಮೇಲೆ ಸರಳವಾದೊಂದು ಧಾಟಿಯು ತೇಲಿಬರುತ್ತದೆ. ಇಂದಿಗೂ ಲೋಕದ ಎಷ್ಟೋ ಜನರು ರಾತ್ರಿ ಮಲಗುವ ಮುನ್ನ ಅದನ್ನು ಕೇಳುತ್ತಾರೆ.

ಕಲೆಯು ಹೊಟ್ಟೆಯನ್ನು ತುಂಬಿಸಲಿಲ್ಲ. ಮೊಂಮಾರ್ತ್ ಬಡಾವಣೆಯ ಪಾನಗೃಹಗಳಲ್ಲಿ ಗಿರಾಕಿಗಳ ಗದ್ದಲದ ನಡುವೆ ಪಿಯಾನೋ ನುಡಿಸುವುದೇ ಜೀವನೋಪಾಯವಾಯಿತು. 1898ರಲ್ಲಿ ಅವನು ನಗರದ ಹೊರಗಿನ ಆರ್ಕೆಯ್‌ನಲ್ಲಿ ಅಗ್ಗದ ಕೋಣೆಯೊಂದನ್ನು ಹಿಡಿದನು. ಕೆಲಸ ಮುಗಿದ ಮೇಲೆ ಸುಮಾರು 10 ಕಿಲೋಮೀಟರು ನಡೆದೇ ಮನೆ ಸೇರುವನು. ಬೀದಿದೀಪದ ಕೆಳಗೆ ನಿಂತು, ಹೊಳೆದ ಸ್ವರಗಳನ್ನು ಬರೆದುಕೊಳ್ಳುವನೆಂದು ಪ್ರತೀತಿ.

ಸೋಮಾರಿಯೆನಿಸಿಕೊಂಡವನು 1905ರಲ್ಲಿ, ತನ್ನ 39ನೆಯ ವಯಸ್ಸಿನಲ್ಲಿ, ಪುನಃ ವಿದ್ಯಾರ್ಥಿಯಾಗಿ ತರುಣರ ನಡುವೆ ಕುಳಿತು, 1908ರಲ್ಲಿ ಯೋಗ್ಯತಾಪತ್ರವನ್ನು ಪಡೆದನು. ಕಲಿಯಲು ವಯಸ್ಸು ಅಡ್ಡಿಯಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1920ರಲ್ಲಿ ಅವನು ನಾಟಕವೊಂದರ ವಿರಾಮಕಾಲದಲ್ಲಿ ‘ಪೀಠೋಪಕರಣ ಸಂಗೀತ’ವನ್ನು ನುಡಿಸಿಸಿದನು. ಮೇಜು ಕುರ್ಚಿಗಳಂತೆ ಸಂಗೀತವೂ ತನ್ನ ಪಾಡಿಗೆ ತಾನಿರಬೇಕು, ಜನರು ಮಾತನಾಡುತ್ತಿರಬೇಕು ಎಂಬುದು ಅವನ ಆಶಯ. ಜನರೋ ಮೌನವಾಗಿ ಆಲಿಸತೊಡಗಿದರು! ಮಾತನಾಡಿರೆಂದು ಸಾತಿಯೇ ಅವರನ್ನು ಒತ್ತಾಯಿಸಬೇಕಾಯಿತು.

ಮದ್ಯವು ಅವನ ಯಕೃತ್ತನ್ನು ಕೆಡಿಸಿತು. 1925ನೆಯ ಇಸವಿ ಜುಲೈ 1ರಂದು ಅವನು ಪ್ಯಾರಿಸಿನ ಆಸ್ಪತ್ರೆಯಲ್ಲಿ ತೀರಿಕೊಂಡನು. 27 ವರ್ಷಗಳಿಂದ ಯಾವ ಗೆಳೆಯನನ್ನೂ ಸೇರಿಸದಿದ್ದ ಆ ಕೋಣೆಯ ಬಾಗಿಲನ್ನು ಆಗಲೇ ಮಿತ್ರರು ತೆರೆದರು. ಧೂಳು, ಕೊಡೆಗಳು, ಒಡೆಯದೆ ಬಿಟ್ಟ ಪತ್ರಗಳು. ಕಳೆದುಹೋಯಿತೆಂದು ಅವನೇ ನಂಬಿದ್ದ ಕೃತಿಯೊಂದರ ಹಸ್ತಪ್ರತಿಯೂ ಅಲ್ಲಿಯೇ ಇದ್ದಿತು.

ಒಂದೇ ತುಣುಕನ್ನು 840 ಬಾರಿ ನುಡಿಸಲು ಸೂಚಿಸುವ ಅವನ ‘ವೆಕ್ಸಾಸಿಯೋಂ’ ಕೃತಿಯನ್ನು 1963ರಲ್ಲಿ ಜಾನ್ ಕೇಜ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ಸರದಿಯಂತೆ 18 ಗಂಟೆಗಳಿಗೂ ಮೀರಿ ನುಡಿಸಿದರು. 1978ರಲ್ಲಿ ಬ್ರಿಯಾನ್ ಈನೋ ವಿಮಾನ ನಿಲ್ದಾಣಗಳಿಗೆಂದು ರಚಿಸಿದ ಪರಿಸರ ಸಂಗೀತವೂ ಸಾತಿಯ ಹಾದಿಯದೇ.

ಗದ್ದಲದಲ್ಲಿ ದುಡಿದವನು ಲೋಕಕ್ಕೆ ನೆಮ್ಮದಿಯನ್ನು ಬಿಟ್ಟುಹೋದನು. ಅವನ ಒಂಟಿತನಕ್ಕೆ ಮಾತ್ರ ಜೊತೆ ದೊರೆಯಲಿಲ್ಲ. ನಮ್ಮ ಬಿಡಾರದ ಬಾಗಿಲುಗಳಾದರೂ ಗೆಳೆಯರಿಗೆ ತೆರೆದಿರಲಿ.