ಜೆಫರ್ಸನ್ನನ ಹವೆಯ ದಿನಚರಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸ್ವಾತಂತ್ರ್ಯ ಘೋಷಣೆಯ ಕರಡನ್ನು ಬರೆದವನು ಥಾಮಸ್ ಜೆಫರ್ಸನ್ ಎಂಬುದನ್ನು ಚರಿತ್ರೆಯ ಪಾಠಗಳಲ್ಲಿ ನೀವು ಓದಿರಬಹುದು. ಆ ದೇಶದ ಮೂರನೆಯ ಅಧ್ಯಕ್ಷನಾಗಿ ಎಂಟು ವರ್ಷಗಳ ಕಾಲ ಆಡಳಿತದ ಹೊಣೆ ಹೊತ್ತವನೂ ಅವನೇ. ಆ ಘೋಷಣೆ ಅಂಗೀಕಾರಗೊಂಡ 1776ರ ಜುಲೈ 4ರಂದು ಅವನು ಫಿಲಡೆಲ್ಫಿಯ ನಗರದಲ್ಲಿ ಒಂದು ಉಷ್ಣಮಾಪಕಕ್ಕೆ ಹಣ ತೆತ್ತನೆಂಬುದು ಅವನ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿದೆ. ಅಂದು ಬೆಳಗಿನ ಆರು ಗಂಟೆಗೆ 68 ಡಿಗ್ರಿ, ಮಧ್ಯಾಹ್ನ ಒಂದು ಗಂಟೆಗೆ 76 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಿತ್ತೆಂಬುದನ್ನೂ ಅವನು ಬರೆದಿಟ್ಟಿದ್ದಾನೆ. ಒಂದು ರಾಷ್ಟ್ರವು ಜನ್ಮ ತಾಳುತ್ತಿದ್ದ ಗಳಿಗೆಯಲ್ಲಿಯೂ ಹವೆಯ ಲೆಕ್ಕವನ್ನು ಮರೆಯದ ಈ ಸ್ವಭಾವ ಅವನಿಗೆ ಬಂದುದಾದರೂ ಹೇಗೆ?

ಜೆಫರ್ಸನ್ನನು ಹುಟ್ಟಿದುದು 1743ರ ಏಪ್ರಿಲ್ 13ರಂದು, ವರ್ಜಿನಿಯ ಪ್ರಾಂತದ ಶಾಡ್‌ವೆಲ್ ಎಂಬಲ್ಲಿ. ತಂದೆ ಪೀಟರ್ ಜೆಫರ್ಸನ್ ಭೂಮಾಪಕ. ವರ್ಜಿನಿಯದ ಪ್ರಸಿದ್ಧ ನಕಾಶೆಯೊಂದನ್ನು ಮತ್ತೊಬ್ಬನೊಡನೆ ಸೇರಿ ರಚಿಸಿದವನು. ಅಳೆಯುವುದರಲ್ಲಿ, ಅಳೆದುದನ್ನು ಬರೆದಿಡುವುದರಲ್ಲಿ ಮಗನಿಗಿದ್ದ ಆಸಕ್ತಿ ಪಿತ್ರಾರ್ಜಿತವೆಂದೇ ಹೇಳಬೇಕು. ತಂದೆ ತೀರಿಕೊಂಡಾಗ ಹುಡುಗನಿಗೆ ಹದಿನಾಲ್ಕು ವರ್ಷ. ಮುಂದೆ ವಿಲಿಯಮ್ಸ್‌ಬರ್ಗಿನ ಕಾಲೇಜಿನಲ್ಲಿ ವಿಲಿಯಂ ಸ್ಮಾಲ್ ಎಂಬ ಅಧ್ಯಾಪಕನಿಂದ ಗಣಿತ, ವಿಜ್ಞಾನಗಳ ರುಚಿ ಹತ್ತಿತು. ಆಮೇಲೆ ನ್ಯಾಯಶಾಸ್ತ್ರದ ವ್ಯಾಸಂಗವೂ ನಡೆಯಿತು. 1766ರ ಮಾರ್ಚ್ 30ರಂದು ತೋಟದಲ್ಲಿ ಹಯಸಿಂತ್ ಎಂಬ ನೇರಳೆ ಹೂವು ಅರಳತೊಡಗಿದುದನ್ನು ಅವನು ಒಂದು ಪುಸ್ತಕದಲ್ಲಿ ಗುರುತು ಹಾಕಿದನು. ಅದೇ ಅವನ ತೋಟದ ದಿನಚರಿಯ ಮೊದಲ ಸಾಲು. 1824ರವರೆಗೆ, ಅಂದರೆ ಐವತ್ತೆಂಟು ವರ್ಷಗಳ ಕಾಲ, ನಡುನಡುವೆ ಬಿಡುವು ಕೊಟ್ಟರೂ ಆ ಪುಸ್ತಕವನ್ನು ಅವನು ಕೈಬಿಡಲಿಲ್ಲ.

ಶಾಡ್‌ವೆಲ್ಲಿನ ಸಮೀಪದ ಬೆಟ್ಟವೊಂದರ ನೆತ್ತಿಯನ್ನು ಸಮಮಾಡಿಸಿ ಅವನು ಮನೆ ಕಟ್ಟಿಸಿದನು. ಇಟಲಿಯ ಭಾಷೆಯಲ್ಲಿ ಚಿಕ್ಕ ಬೆಟ್ಟವೆಂಬ ಅರ್ಥ ಬರುವಂತೆ ಅದಕ್ಕೆ ಮಾಂಟಿಸೆಲೊ ಎಂದು ಹೆಸರಿಟ್ಟನು. ಸಮುದ್ರಮಟ್ಟದಿಂದ ಸುಮಾರು 870 ಅಡಿ ಎತ್ತರದ ಆ ಸ್ಥಳದಿಂದ ಪಶ್ಚಿಮಕ್ಕೆ ನೋಡಿದರೆ ಬ್ಲೂ ರಿಡ್ಜ್ ಪರ್ವತಶ್ರೇಣಿ ಕಾಣುತ್ತದೆ. 1772ರ ಜನವರಿಯಲ್ಲಿ ನವವಧು ಮಾರ್ತಳನ್ನು ಕರೆದುಕೊಂಡು ಬರುವಾಗ ಆ ಸೀಮೆಯಲ್ಲಿ ಸುಮಾರು ಮೂರು ಅಡಿ ದಪ್ಪ ಹಿಮ ಬಿದ್ದಿತ್ತು. ಅದೂ ದಿನಚರಿಯಲ್ಲಿ ಸೇರಿತು.

ಇಲ್ಲಿ ಒಂದು ಮಾತನ್ನು ವಿವರಿಸಬೇಕು. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಶೀತ ಅತಿಯಾಗಿ, ಎಲೆ ಹುಲ್ಲುಗಳ ಮೈ 32 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದರೆ ಗಾಳಿಯ ತೇವ ಅವುಗಳ ಮೇಲೆ ಬಿಳಿಯ ಹರಳುಗಳಾಗಿ ಹೆಪ್ಪುಗಟ್ಟುತ್ತದೆ. ಊಟಿಯಂತಹ ಎತ್ತರದ ಊರುಗಳಲ್ಲಿ ಚಳಿಗಾಲದ ಬೆಳಗಿನ ಹೊತ್ತು ಇದನ್ನು ಕಾಣಬಹುದು. ಇದನ್ನು ನಾವು ತುಷಾರವೆಂದು ಕರೆಯೋಣ. ಚಳಿಗಾಲದಲ್ಲಿ ಬಂದರೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ಗಿಡಮರಗಳು ಆಗ ನಿದ್ರಿಸುತ್ತಿರುತ್ತವೆ. ವಸಂತ ಕಾಲಿಟ್ಟು, ಚಿಗುರೊಡೆದು, ಹೂ ಅರಳಿದ ಮೇಲೆ ಬಂದರೆ ಎಳೆಯ ಜೀವಕೋಶಗಳ ನೀರು ಹೆಪ್ಪುಗಟ್ಟಿ ಚಿಗುರು ಕರಿಮುರಿಯಾಗುತ್ತದೆ. ಒಂದೇ ರಾತ್ರಿಯಲ್ಲಿ ಒಂದು ವರ್ಷದ ಫಲ ಮಣ್ಣುಗೂಡುತ್ತದೆ.

ಅಂತಹ ರಾತ್ರಿಯೊಂದು 1774ರ ಮೇ ತಿಂಗಳಿನಲ್ಲಿ ಬಂದಿತು. 4ನೆಯ ತಾರೀಖಿನಂದು ಬ್ಲೂ ರಿಡ್ಜ್ ಪರ್ವತಗಳು ಹಿಮದಿಂದ ಮುಚ್ಚಿಹೋಗಿದ್ದವು. ಮರುದಿನ ಕವಿದ ತುಷಾರಕ್ಕೆ ಗೋಧಿ, ರೈ, ಮುಸುಕಿನ ಜೋಳ, ಹೊಗೆಸೊಪ್ಪಿನ ಸಸಿಗಳು ಬಲಿಯಾದವು. ಕಾಡುಮರಗಳ ಎಲೆಗಳು ಸಹ ಸುಟ್ಟಂತಾದವು. ಆ ನೆರೆಯಲ್ಲಿಯೇ ಫಿಲಿಪ್ಪೊ ಮಾಟ್ಜೆಯಿ ಎಂಬ ಇಟಲಿಯವನು ಹಿಂದಿನ ವರ್ಷ ಬಂದು ನೆಲಸಿ, ವರ್ಜಿನಿಯದಲ್ಲಿ ದ್ರಾಕ್ಷಿ ಬೆಳೆಯುವ ಕನಸನ್ನು ಜೆಫರ್ಸನ್ನನಲ್ಲಿಯೂ ಬಿತ್ತಿದ್ದನು. ದ್ರಾಕ್ಷಿಯ ಚಿಗುರುಗಳು ಒಂದೂ ಉಳಿಯಲಿಲ್ಲ. ಸುತ್ತಲಿನ ಊರುಗಳಲ್ಲಿ ಹಣ್ಣಿನ ಫಸಲು ಪೂರ್ತಿಯಾಗಿ ನಾಶವಾಯಿತು. ಮಾಂಟಿಸೆಲೊ ಬೆಟ್ಟದ ಮೇಲೆ ಮಾತ್ರ ಅರ್ಧದಷ್ಟು ಹಣ್ಣು ಉಳಿಯಿತು.

ಈ ಅರ್ಧವೇ ಜೆಫರ್ಸನ್ನನ ಕುತೂಹಲವನ್ನು ಕೆಣಕಿತು. ಬೆಟ್ಟವೆಂದರೆ ಬಯಲಿಗಿಂತ ತಂಪಿನ ಸ್ಥಳ. ಅಲ್ಲಿಯೇ ಹೆಚ್ಚು ನಷ್ಟವಾಗಬೇಕಾಗಿತ್ತಲ್ಲವೇ? ವರ್ಷವರ್ಷವೂ ಗಮನಿಸಿ ಅವನು ಕಂಡುಕೊಂಡುದು ಇದಕ್ಕೆ ವಿರುದ್ಧವಾಗಿತ್ತು. ಬೆಟ್ಟದ ಬುಡದಲ್ಲಿ ಗಟ್ಟಿಯಾದ ಹಿಕರಿ ಮರಗಳೇ ತುಷಾರಕ್ಕೆ ಸುಟ್ಟುಹೋದ ದಿನಗಳಲ್ಲಿಯೂ ನೆತ್ತಿಯ ಮೇಲಿನ ಕೋಮಲವಾದ ಹೂಗಳು ನಳನಳಿಸುತ್ತಿದ್ದುದುಂಟು. ಶೀತವಾಯು ಭಾರವಾದುದರಿಂದ ರಾತ್ರಿಯ ಹೊತ್ತು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆಂದೂ, ಬೆಚ್ಚನೆಯ ವಾಯು ಅದರ ಮೇಲೆ ತೇಲುತ್ತದೆಂದೂ ಇಂದು ಹವಾಶಾಸ್ತ್ರಜ್ಞರು ವಿವರಿಸುತ್ತಾರೆ. ಹಣ್ಣಿನ ತೋಟಕ್ಕೆ ಇಳಿಜಾರನ್ನು ಆರಿಸಬೇಕೆಂಬುದು ಇದೇ ಕಾರಣದಿಂದ.

ಉಷ್ಣಮಾಪಕ ಕೈಗೆ ಬಂದ ಮೇಲೆ ಅವನ ಕೆಲಸ ಇನ್ನೂ ಕ್ರಮಬದ್ಧವಾಯಿತು. ದಿನದ ಕನಿಷ್ಠ ಉಷ್ಣತೆ ಸೂರ್ಯೋದಯದ ವೇಳೆಗೆ, ಗರಿಷ್ಠ ಉಷ್ಣತೆ ಸುಮಾರು ನಾಲ್ಕು ಗಂಟೆಗೆ ಎಂದು ಕಂಡುಕೊಂಡು, ಬಹುಕಾಲ ಆ ಎರಡು ವೇಳೆಗಳಲ್ಲಿಯೇ ಅಳತೆಗಳನ್ನು ಬರೆಯುತ್ತಿದ್ದನು. ಹೊರಗೆ ಹೋದಾಗ ಜೇಬಿನಲ್ಲಿ ದಂತದ ತೆಳು ಹಲಗೆಗಳಿರುತ್ತಿದ್ದವು. ಕಂಡುದನ್ನು ಅವುಗಳ ಮೇಲೆ ಗೀಚಿ, ಮನೆಗೆ ಬಂದು ಪುಸ್ತಕಕ್ಕೆ ಏರಿಸಿ, ಹಲಗೆಗಳನ್ನು ಒರಸಿಡುತ್ತಿದ್ದನು. ಒಂದೇ ಊರಿನ ಅಳತೆಯಿಂದ ನಾಡಿನ ಹವೆ ತಿಳಿಯದೆಂಬ ಅರಿವೂ ಅವನಿಗಿತ್ತು. 1778ರಲ್ಲಿ ಕೆಲವು ವಾರಗಳ ಕಾಲ ಅವನು ಮಾಂಟಿಸೆಲೊವಿನಲ್ಲಿಯೂ, ಕಾಲೇಜಿನ ಮುಖ್ಯಸ್ಥನಾಗಿದ್ದ ಪಾದ್ರಿ ಜೇಮ್ಸ್ ಮ್ಯಾಡಿಸನ್ ದೂರದ ವಿಲಿಯಮ್ಸ್‌ಬರ್ಗಿನಲ್ಲಿಯೂ ಒಂದೇ ಕಾಲಕ್ಕೆ ಉಷ್ಣತೆಯನ್ನೂ ವಾಯುಭಾರವನ್ನೂ ಅಳೆದು ಹೋಲಿಸಿ ನೋಡಿದರು. ದೇಶ ಇಂಗ್ಲೆಂಡಿನೊಡನೆ ಯುದ್ಧದಲ್ಲಿ ತೊಡಗಿದ್ದ ಕಾಲವದು!

ವರ್ಜಿನಿಯವನ್ನು ಕುರಿತು ಅವನು ಬರೆದ ಗ್ರಂಥವು 1785ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಅದರಲ್ಲಿ ಹವೆಗೆ ಮೀಸಲಾದ ಒಂದು ಅಧ್ಯಾಯವಿದೆ. ನಾಡಿನ ಹವೆ ಬದಲಾಗುತ್ತಿದೆ, ಸೆಕೆಯೂ ಚಳಿಯೂ ಮೊದಲಿಗಿಂತ ಸೌಮ್ಯವಾಗುತ್ತಿವೆ ಎಂದು ಅವನು ಅಲ್ಲಿ ಪ್ರತಿಪಾದಿಸಿದನು. ವೃದ್ಧರು ಅವನಿಗೆ ಹೇಳಿದಂತೆ ಹಿಂದೆ ವರ್ಷಕ್ಕೆ ಮೂರು ತಿಂಗಳು ನೆಲದ ಮೇಲೆ ಹಿಮ ನಿಲ್ಲುತ್ತಿತ್ತು. ಹಾಗೆ ಹಿಮ ನಿಂತಾಗ ಮೊಗ್ಗುಗಳು ಬಿಗಿದುಕೊಂಡಿದ್ದು, ಬಿಸಿಲು ಸ್ಥಿರವಾದ ಮೇಲೆಯೇ ಬಿರಿಯುತ್ತಿದ್ದವು. 1741ರಿಂದ 1769ರವರೆಗಿನ ಇಪ್ಪತ್ತೆಂಟು ವರ್ಷಗಳಲ್ಲಿ ಮಾಂಟಿಸೆಲೊವಿನ ಆಸುಪಾಸಿನಲ್ಲಿ ತುಷಾರದಿಂದ ಹಣ್ಣು ಕೆಟ್ಟ ನಿದರ್ಶನವೇ ಇರಲಿಲ್ಲ. ಈಗಲೋ, ಚಳಿಗಾಲ ಸಡಿಲವಾಗಿ ಮೊಗ್ಗುಗಳು ಅಕಾಲದಲ್ಲಿ ಬಿರಿಯುತ್ತವೆ. ಹಿಂದಿರುಗಿ ಬರುವ ಚಳಿಗೆ ಸಿಕ್ಕಿ ಸಾಯುತ್ತವೆ. ಇದು ಅವನ ವಾದ.

ವಾದ ಚತುರವಾದುದು. ಚಳಿ ಕಡಮೆಯಾದುದರಿಂದಲೇ ತುಷಾರದ ಹಾನಿ ಹೆಚ್ಚುತ್ತದೆಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ ಅಸಂಗತವಲ್ಲ. 2007ರಲ್ಲಿ ಅಮೆರಿಕದ ಪೂರ್ವಭಾಗದಲ್ಲಿ ಮಾರ್ಚ್ ತಿಂಗಳು ಬೆಚ್ಚಗಿದ್ದು, ಏಪ್ರಿಲ್ ಮೊದಲ ವಾರದಲ್ಲಿ ಶೀತ ಬಡಿದು ಗೋಧಿಗೂ ಹಣ್ಣಿನ ತೋಟಗಳಿಗೂ ಭಾರಿ ನಷ್ಟವಾದುದು ಇದೇ ಬಗೆಯಲ್ಲಿ. ಆದರೆ ಹವೆ ಬದಲಾಗಿದೆಯೆಂಬ ಮಾತಿಗೆ ಜೆಫರ್ಸನ್ನನಲ್ಲಿದ್ದ ಆಧಾರವೇನು? ಹೆಚ್ಚಿನ ಪಾಲು ವೃದ್ಧರ ನೆನಪು. ನಿಘಂಟುಕಾರನೆಂದು ಹೆಸರಾದ ನೋವಾ ವೆಬ್‌ಸ್ಟರ್ 1799ರಲ್ಲಿ ಈ ದೌರ್ಬಲ್ಯವನ್ನು ಎತ್ತಿ ತೋರಿಸಿ, ಅಂತಹ ನಿರ್ಣಯಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ವಾದಿಸಿದನು. ನಮ್ಮ ಹಿರಿಯರೂ ತಮ್ಮ ಬಾಲ್ಯದ ಮಳೆಯೇ ಮಳೆ ಎನ್ನುವುದಿಲ್ಲವೇ? ನೆನಪು ದೊಡ್ಡ ಮಳೆಯನ್ನು ಉಳಿಸಿಕೊಂಡು ಸಾಧಾರಣ ಮಳೆಯನ್ನು ಸೋರಿಹೋಗಲು ಬಿಡುತ್ತದೆ. ವೆಬ್‌ಸ್ಟರನ ಆಕ್ಷೇಪ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಮಾರ್ತ 1782ರಲ್ಲಿಯೇ ತೀರಿಕೊಂಡಿದ್ದಳು. ಜೆಫರ್ಸನ್ನನು ಫ್ರಾನ್ಸಿನಲ್ಲಿ ರಾಯಭಾರಿಯಾಗಿದ್ದು, ವಿದೇಶಾಂಗ ಕಾರ್ಯದರ್ಶಿ, ಉಪಾಧ್ಯಕ್ಷ ಪದವಿಗಳನ್ನು ಕಳೆದು, 1801ರಲ್ಲಿ ಅಧ್ಯಕ್ಷನಾದನು. ಆ ಎಂಟು ವರ್ಷಗಳೂ ವಾಷಿಂಗ್ಟನ್ನಿನ ಪೇಟೆಗೆ ಯಾವ ತರಕಾರಿ ಯಾವಾಗ ಮೊದಲು ಬಂದಿತು, ಯಾವಾಗ ಮುಗಿಯಿತು ಎಂಬ ಪಟ್ಟಿಯನ್ನು ಇಟ್ಟಿದ್ದನಂತೆ ಅಲ್ಲ, ಇಟ್ಟೇ ಇದ್ದನು, ಪಟ್ಟಿ ಉಳಿದಿದೆ. ಪಶ್ಚಿಮದ ಅಜ್ಞಾತ ಪ್ರದೇಶಗಳನ್ನು ಶೋಧಿಸಲು ಲೂಯಿಸ್ ಮತ್ತು ಕ್ಲಾರ್ಕರನ್ನು ಕಳುಹಿಸಿದಾಗ, ಉಷ್ಣತೆ, ಮಳೆ, ಹಿಮಗಳನ್ನೂ, ಗಿಡಗಳು ಹೂವೆಲೆಗಳನ್ನು ತಳೆಯುವ, ಕಳೆಯುವ ದಿನಗಳನ್ನೂ ಬರೆದುಕೊಂಡು ಬರಬೇಕೆಂದು ಲಿಖಿತ ಆದೇಶವನ್ನೇ ಕೊಟ್ಟನು.

1809ರಲ್ಲಿ ಅಧಿಕಾರದಿಂದ ನಿವೃತ್ತನಾಗಿ ಮಾಂಟಿಸೆಲೊವಿಗೆ ಮರಳಿದಾಗ ಅವನಿಗೆ ಅರವತ್ತೈದು ವರ್ಷ. ಈಗ ಒಂದೇ ಸ್ಥಳದಲ್ಲಿ ನಿಂತು ಅಳೆಯುವ ಸೌಕರ್ಯ ದೊರೆಯಿತು. 1810ರ ಜನವರಿಯಿಂದ 1816ರ ಡಿಸೆಂಬರಿನವರೆಗಿನ ಏಳು ವರ್ಷಗಳಲ್ಲಿ ಕೂಡಿದ ಅಳತೆಗಳು 3,905. ಈ ಸಂಗ್ರಹದ ಬೆಲೆ ತಿಳಿದುದು ಅದರ ಕೊನೆಯ ವರ್ಷದಲ್ಲಿ.

1816ರ ವಸಂತ ಬಂದಂತೆ ಬರಲಿಲ್ಲ. ಮಳೆಯಿಲ್ಲ, ಚಳಿ ತೊಲಗಲಿಲ್ಲ. ತುಷಾರ ಒಂದು ರಾತ್ರಿ ಬಂದು ಹೋಗದೆ ಮತ್ತೆ ಮತ್ತೆ ಬಂದು ಮುಂಗಾಲದ ಹಣ್ಣುಗಳನ್ನು ಕೊಂದಿತು. ಹಿಂದಿನ ವರ್ಷಗಳಲ್ಲಿ ಮೇ ತಿಂಗಳ ಬೆಳಗಿನ ಉಷ್ಣತೆಯ ಸರಾಸರಿ 63 ಡಿಗ್ರಿ ಇದ್ದರೆ, ಆ ವರ್ಷ ಮೇ 17ರವರೆಗಿನ ಸರಾಸರಿ 53 ಡಿಗ್ರಿ ಮಾತ್ರ. ಒಂದು ಮುಂಜಾನೆ 43ಕ್ಕೆ ಇಳಿದಿತ್ತು. ಜೂನ್ ತಿಂಗಳಲ್ಲಿ ವಾಡಿಕೆಯಾಗಿ ಮೂರೂಮುಕ್ಕಾಲು ಅಂಗುಲ ಮಳೆಯಾಗಬೇಕಾದಲ್ಲಿ ಅಂಗುಲದ ಮೂರನೆಯ ಒಂದು ಪಾಲು ಬಿದ್ದಿತು. ಆಗಸ್ಟಿನಲ್ಲಿ ಒಂಬತ್ತು ಅಂಗುಲಕ್ಕೂ ಮಿಕ್ಕಿ ಬೀಳಬೇಕಾದುದು ಒಂದು ಅಂಗುಲವನ್ನೂ ಮುಟ್ಟಲಿಲ್ಲ. ವರ್ಜಿನಿಯಕ್ಕೆ ಉತ್ತರದ ಸಂಸ್ಥಾನಗಳಲ್ಲಿ ವರ್ಷದ ಪ್ರತಿಯೊಂದು ತಿಂಗಳೂ ತುಷಾರ ಬಿದ್ದಿತೆಂದೂ, ಮುಸುಕಿನ ಜೋಳದ ಬೆಳೆ ಸಾಧಾರಣ ವರ್ಷದ ಮೂರನೆಯ ಒಂದು ಪಾಲಿಗೂ ಕಡಮೆಯಾಗಬಹುದೆಂದೂ ಸೆಪ್ಟೆಂಬರಿನಲ್ಲಿ ಅವನು ಮಿತ್ರ ಗ್ಯಾಲಟಿನ್ನನಿಗೆ ತಿಳಿಸಿದನು.

ಆ ವರ್ಷ ಲಕ್ಷಾಂತರ ಜನ ಚಳಿಯಲ್ಲಿ ನಡುಗಿದರು, ಬೆಳೆ ಕಳೆದುಕೊಂಡು ಗೋಳಾಡಿದರು. ಎಂದೂ ಕಾಣದ ಚಳಿಯೆಂದು ಎಲ್ಲರೂ ಹೇಳಬಲ್ಲವರಾಗಿದ್ದರು. ಎಷ್ಟು ಎಂದು ಹೇಳಬಲ್ಲವರು ಕೆಲವರೇ. ಜೆಫರ್ಸನ್ನನು ಈ ಬಾರಿ ವೃದ್ಧರನ್ನು ಕೇಳಲು ಹೋಗಲಿಲ್ಲ. ಕಾರಣವೇನೋ ಅವನಿಗೂ ತಿಳಿದಿರಲಿಲ್ಲ. 1815ರ ಏಪ್ರಿಲ್‌ನಲ್ಲಿ ಇಂದಿನ ಇಂಡೊನೇಷ್ಯಕ್ಕೆ ಸೇರಿದ ಸುಂಬಾವ ದ್ವೀಪದ ತಂಬೋರ ಅಗ್ನಿಪರ್ವತ ಸಿಡಿದು, ಅದರಿಂದ ಮೇಲೇರಿದ ಗಂಧಕದ ಅನಿಲ ಸೂಕ್ಷ್ಮಕಣಗಳಾಗಿ ಮೇಲಿನ ವಾಯುಮಂಡಲದಲ್ಲಿ ಹರಡಿ ಬಿಸಿಲನ್ನು ತಡೆದಿತ್ತು. ಆ ಸಂಬಂಧವನ್ನು ವಿಜ್ಞಾನಿಗಳು ಗುರುತಿಸಿದುದು ಒಂದು ಶತಮಾನದ ಅನಂತರ.

ಬೆಳೆ ಹೋದುದರ ನೋವು ಯಾರದು ಎಂಬುದನ್ನೂ ಹೇಳದಿದ್ದರೆ ಈ ಚರಿತ್ರೆ ಅಪೂರ್ಣವಾಗುತ್ತದೆ. ಮಾಂಟಿಸೆಲೊವಿನ ನೆಲವನ್ನು ಉತ್ತು ಬಿತ್ತಿದವರು ಗುಲಾಮರು. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರೆಂದು ಸಾರಿದ ಘೋಷಣೆಯನ್ನು ಬರೆದವನು ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದನು. ತುಷಾರ ದ್ರಾಕ್ಷಿಯನ್ನು ಸುಟ್ಟ 1774ರಲ್ಲಿಯೇ ಮಾವನ ಆಸ್ತಿಯ ಪಾಲಾಗಿ 135 ಮಂದಿ ಅವನ ವಶಕ್ಕೆ ಬಂದರು. ಜೊತೆಗೆ ಮಾವನ ಸಾಲವೂ ಬಂದಿತು. ಗುಲಾಮಗಿರಿ ಅನ್ಯಾಯವೆಂದು ಅವನು ಬರೆದುದುಂಟು, ತನ್ನ ಗುಲಾಮರಲ್ಲಿ ಬಿಡುಗಡೆ ಮಾಡಿದುದು ಕೆಲವೇ ಮಂದಿಯನ್ನು. ದಿನಚರಿಯಲ್ಲಿ ಕಾಣುವ ಎಷ್ಟೋ ಹೂಗಿಡಗಳನ್ನು ನೆಟ್ಟು ಸಾಕಿದ ತೋಟಗಾರ ವರ್ಮ್‌ಲಿ ಹ್ಯೂಸ್ ಎಂಬವನೂ ಗುಲಾಮನೇ.

1824ರಲ್ಲಿ, ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ, ಜೆಫರ್ಸನ್ನನು ಹವೆಯ ವಿಷಯವಾಗಿ ಇನ್ನೊಂದು ಪತ್ರ ಬರೆದನು. ಒಂದು ನಾಡಿನ ಹವೆಯನ್ನು ಅರಿಯಲು ಹಲವು ವರ್ಷಗಳ ಎಡೆಬಿಡದ ಅಳತೆ ಬೇಕು. ಉಷ್ಣಮಾಪಕವಲ್ಲದೆ ಗಿಡಗಳು ಚಿಗುರುವ ಕಾಲ, ಪ್ರಾಣಿಪಕ್ಷಿಗಳು, ಗಾಳಿ, ಮಳೆ ಎಲ್ಲವನ್ನೂ ನೋಡಬೇಕು. ಎಲ್ಲ ಸಂಸ್ಥಾನಗಳಲ್ಲಿಯೂ ಇದು ನಡೆಯಬೇಕು. ಕಾಡು ಕಡಿದು ಸಾಗುವಳಿ ಮಾಡಿದುದರಿಂದ ಹವೆ ಬದಲಾಯಿತೇ ಎಂದು ತಿಳಿಯಲು ಶತಮಾನಕ್ಕೆ ಒಂದೆರಡು ಬಾರಿ ಈ ಕೆಲಸವನ್ನು ಪುನಃ ಮಾಡಬೇಕು. ನಲವತ್ತು ವರ್ಷಗಳ ಹಿಂದೆ ಹವೆ ಬದಲಾಗಿದೆಯೆಂದು ಧೈರ್ಯವಾಗಿ ಸಾರಿದವನು ಈಗ ಅಳೆದು ನೋಡಿರೆಂದು ಕೇಳಿಕೊಂಡನು.

ಸ್ವಾತಂತ್ರ್ಯ ಘೋಷಣೆಗೆ ಐವತ್ತು ವರ್ಷ ತುಂಬಿದ 1826ರ ಜುಲೈ 4ರಂದು ಅವನು ಕಾಲವಾದನು. ಗೋರಿಯನ್ನು ಅಗೆದವನು ವರ್ಮ್‌ಲಿ ಹ್ಯೂಸ್. ಜೆಫರ್ಸನ್ನನ ತಲೆಯ ಮೇಲಿದ್ದ ಸಾಲ ಒಂದು ಲಕ್ಷ ಡಾಲರಿಗೂ ಮೀರಿತ್ತು. 1827ರ ಜನವರಿಯಲ್ಲಿ ಸಾಲ ತೀರಿಸಲು ಮಾಂಟಿಸೆಲೊವಿನ ಪೀಠೋಪಕರಣ, ದನಕರು, ದವಸಗಳೊಡನೆ 130 ಮಂದಿ ಗುಲಾಮರನ್ನೂ ಹರಾಜಿಗೆ ಇಟ್ಟರು. ಹ್ಯೂಸನ ಹೆಂಡತಿ ಅರ್ಸುಲಾ ಮತ್ತು ಮಕ್ಕಳು ಅವರಲ್ಲಿ ಸೇರಿದ್ದರು. ತೋಟದ ದಿನಚರಿ ಮಾತ್ರ ಮಾರಾಟವಾಗದೆ ಉಳಿದು, ಈಗ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಚಾರಿತ್ರಿಕ ಸಂಘದಲ್ಲಿದೆ.